ಮನೆಯವರ ಗ್ರೂಪಿನಲ್ಲಿ ಮಾಸ್ಕ್ ಜಗಳ: ಏನು ಬರೆಯಬೇಕು, ಹೇಗೆ ಬರೆಯಬೇಕು?

ಪ್ರಶ್ನೆ: ಸೋಂಕು ಏರಿದಾಗಲೆಲ್ಲ ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಜಗಳ. ತಿರುಗಿ ತಿರುಗಿ ಬರುವ ಮೆಸೇಜ್ ಮೂರು: ಮಾಸ್ಕ್ ಹಾಕಿದರೆ ಆಮ್ಲಜನಕ ಸಿಗಲ್ಲ; ವೈರಸ್ ಮಾಸ್ಕಿನ ತೂತಿಗಿಂತ ಸಣ್ಣದು; ಮಾಸ್ಕ್ ಕೆಲಸ ಮಾಡಲ್ಲ ಅಂತ ಸಂಶೋಧನೆಯೇ ಹೇಳಿದೆ. ಕಳಿಸುವವರು ಹಿರಿಯರು, ಮನಸ್ಸು ನೋಯಿಸಲು ಇಷ್ಟವಿಲ್ಲ. ಸುಮ್ಮನಿದ್ದರೆ ಮಿಕ್ಕವರು ನಂಬಿಬಿಡುತ್ತಾರೆ. ತಿಳಿದವರು ದಾರಿ ಹೇಳಿ.

ಉತ್ತರ: ಮೂರಕ್ಕೂ ಒಟ್ಟಿಗೆ ಉತ್ತರ ಕೊಡಬೇಡಿ. ಉದ್ದದ ಪಟ್ಟಿ ಕಂಡರೆ ಯಾರೂ ಓದುವುದಿಲ್ಲ, ಕಳಿಸಿದವರಿಗೆ ಮುಖಭಂಗವಾಗುತ್ತದೆ ಅಷ್ಟೆ. ಒಂದು ಮೆಸೇಜಿಗೆ ಒಂದೇ ಉತ್ತರ, ನಾಲ್ಕೈದು ಸಾಲು. ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಸಾಲು ಮಾತ್ರ, ಹಾಗಾಗಿ ನಿಜ ಸಂಗತಿ ಅಲ್ಲೇ ಬರಲಿ. ಸುಳ್ಳನ್ನು ಮೇಲೆ ಬರೆದು ಕೆಳಗೆ ‘ಇದು ತಪ್ಪು’ ಅಂದರೆ ಅರ್ಧ ಜನಕ್ಕೆ ಸುಳ್ಳೇ ತಲುಪುತ್ತದೆ. ಗ್ರೂಪಿಗೆ ಹಾಕುವ ಮೊದಲು ಹಿರಿಯರಿಗೆ ಬೇರೆಯಾಗಿ ಬರೆಯಿರಿ: ‘ಚಿಕ್ಕಪ್ಪ, ನೀವು ಕಳಿಸಿದ್ದು ಓದಿದೆ. ಅದರಲ್ಲಿ ಒಂದು ಲೆಕ್ಕ ತಪ್ಪಿದೆ, ನೀವೇ ಗ್ರೂಪಿನಲ್ಲಿ ಹೇಳ್ತೀರಾ?’ ಅವರೇ ತಿದ್ದಿದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೆಸೇಜಿನ ಮೇಲೆ ಜೋಡಿ ಬಾಣವಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಆಗ ‘ನೀವು ಹೇಳಿದ್ದು’ ಅನ್ನದೆ ‘ಈ ಫಾರ್ವರ್ಡ್‌ನಲ್ಲಿರುವುದು’ ಅನ್ನಿ. ಜಗಳ ಅರ್ಧ ಅಲ್ಲೇ ತಣ್ಣಗಾಗುತ್ತದೆ.

ಉತ್ತರ: ತೂತಿನ ವಾದದಲ್ಲಿ ಒಂದು ಸಂಗತಿ ನಿಜ, ಅದನ್ನು ಒಪ್ಪಿಕೊಂಡೇ ಶುರು ಮಾಡಿ. ಕೊರೊನಾ ವೈರಸ್ಸಿನ ಅಗಲ ಸುಮಾರು 0.1 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಆದರೆ ಅದು ಬರಿಯ ವೈರಸ್ಸಾಗಿ ಹಾರಿ ಬರುವುದಿಲ್ಲ, ಉಸಿರು, ಮಾತು, ಕೆಮ್ಮಿನ ಹನಿಯೊಳಗೆ ಕೂತು ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಮಾಸ್ಕ್ ಜರಡಿಯಲ್ಲ. ಸರ್ಜಿಕಲ್ ಮಾಸ್ಕಿನ ನಡುಪದರವಾಗಲಿ ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95ರ ಸೋಸುವ ಪದರವಾಗಲಿ, ಪಾಲಿಪ್ರೊಪಿಲಿನ್ ಅನ್ನುವ ಪ್ಲಾಸ್ಟಿಕ್ ಕರಗಿಸಿ ಎಳೆದ ನವಿರು ನಾರುಗಳ ಹಾಸು. ನಾರು ಅಡ್ಡಾದಿಡ್ಡಿ ಬಿದ್ದಿರುವುದರಿಂದ ಗಾಳಿ ಸುತ್ತಿ ಬಳಸಿ ಹೋಗಬೇಕು. ದೊಡ್ಡ ಕಣ ಆ ತಿರುವಿನಲ್ಲಿ ತಿರುಗಲಾರದೆ ನಾರಿಗೆ ಬಡಿದು ನಿಲ್ಲುತ್ತದೆ. ತೀರಾ ಸಣ್ಣ ಕಣ ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ತೂರಾಡಿ ಯಾವುದಾದರೂ ನಾರಿಗೆ ಅಂಟಿಕೊಳ್ಳುತ್ತದೆ. ಹಿಡಿಯಲು ಕಷ್ಟವಾಗುವುದು ಇವೆರಡರ ನಡುವಿನದು, ಸುಮಾರು 0.3 ಮೈಕ್ರಾನ್. ಎನ್‌95 ಪರೀಕ್ಷೆ ನಡೆಯುವುದು ಆ ಕಷ್ಟದ ಗಾತ್ರದಲ್ಲೇ, ಅಲ್ಲಿ ಕನಿಷ್ಠ 95% ಕಣ ತಡೆದರೆ ಮಾತ್ರ ಪಾಸು. ಜೊತೆಗೆ ನಾರಿನಲ್ಲಿ ಸ್ಥಾಯಿ ವಿದ್ಯುತ್ ತುಂಬಿರುತ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಹಾಗೆ ಕಣಗಳನ್ನು ಸೆಳೆಯುತ್ತದೆ. ಸೋಪಿನ ನೀರು, ಸ್ಪಿರಿಟ್ ಬಿದ್ದರೆ ಆ ವಿದ್ಯುತ್ ಇಳಿದುಹೋಗುತ್ತದೆ, ಮಾಸ್ಕ್ ಮಾತ್ರ ಹೊಸದರ ಹಾಗೇ ಕಾಣುತ್ತದೆ. ಎನ್‌95 ಒಗೆಯಬೇಡಿ, ಸ್ಯಾನಿಟೈಸರ್ ಸಿಂಪಡಿಸಬೇಡಿ ಅನ್ನುವುದು ಇದಕ್ಕೇ. ಒಂದೇ ಪದರದ ತೆಳು ಬಟ್ಟೆಯ ಮಾಸ್ಕ್ ಬಗ್ಗೆ ಗ್ರೂಪಿನವರ ದೂರು ಬಹುಮಟ್ಟಿಗೆ ಸರಿ, ಅದನ್ನು ಸಮರ್ಥಿಸಲು ಹೋಗಬೇಡಿ.

ಉತ್ತರ: ಆಮ್ಲಜನಕದ ವಿಚಾರಕ್ಕೆ ವಾದ ಬೇಡ, ಅಳೆದು ನೋಡಲಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇದ್ದರೆ ಮಾಸ್ಕ್ ಇಲ್ಲದೆ ಒಮ್ಮೆ, ಹಾಕಿಕೊಂಡು ಹತ್ತು ನಿಮಿಷ ಕೂತು ಇನ್ನೊಮ್ಮೆ. ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೆರಳು ಬೆಚ್ಚಗಿರಲಿ, ಉಗುರುಬಣ್ಣ ಬೇಡ, ಇಲ್ಲವಾದರೆ ಅಂಕಿ ತಪ್ಪಾಗುತ್ತದೆ. ಆಮ್ಲಜನಕದ ಅಣು ಮೈಕ್ರಾನಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು, ನಾರಿನ ನಡುವೆ ಸಲೀಸಾಗಿ ಹೋಗುತ್ತದೆ. ಹಾಗಂತ ‘ಉಸಿರು ಕಟ್ಟುತ್ತೆ’ ಅನ್ನುವವರನ್ನು ಸುಳ್ಳುಗಾರರೆಂದು ಮಾಡಬೇಡಿ. ಒಳಗೆ ಸೆಕೆ, ತೇವ, ಉಸಿರೆಳೆಯಲು ತುಸು ಹೆಚ್ಚು ಶ್ರಮ ಇರುವುದು ನಿಜ. ಒದ್ದೆಯಾದ ಮಾಸ್ಕಿನಲ್ಲಿ ಇನ್ನೂ ಜಾಸ್ತಿ, ಬದಲಿಸಬೇಕು. ಉಸಿರಾಟದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಹಾಕಲಿ. ಎರಡು ವರ್ಷದೊಳಗಿನ ಮಗುವಿಗೆ ಹಾಕಲೇಬಾರದು.

ಉತ್ತರ: ‘ಸಂಶೋಧನೆಯೇ ಹೇಳಿದೆ’ ಅನ್ನುವ ಮೆಸೇಜಿನ ಹಿಂದೆ ಬಹಳ ಸಲ ಇರುವುದು ಎರಡು. ಮೊದಲನೆಯದು 2020ರ ಡೆನ್ಮಾರ್ಕ್ ಅಧ್ಯಯನ: ಸುಮಾರು 6000 ಜನ, ಮಾಸ್ಕ್ ಹಾಕಲು ಹೇಳಿದವರಲ್ಲಿ 1.8%, ಉಳಿದವರಲ್ಲಿ 2.1% ಸೋಂಕು. ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಆದರೆ ಅದು ಅಳೆದದ್ದು ಹಾಕಿಕೊಂಡವರಿಗೆ ಆದ ಲಾಭವನ್ನು ಮಾತ್ರ, ಅವರಿಂದ ಇತರರಿಗೆ ಹರಡುವುದು ತಗ್ಗಿತೇ ಅನ್ನುವುದನ್ನಲ್ಲ. ಎರಡನೆಯದು 2023ರ ಕಾಕ್ರೇನ್ ವಿಮರ್ಶೆ; ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಸಂಸ್ಥೆ ಅದು. ‘ಮಾಸ್ಕ್ ಕೆಲಸ ಮಾಡಲ್ಲ’ ಅಂತ ಆ ವಿಮರ್ಶೆಯನ್ನು ಓದುವುದು ತಪ್ಪು, ಫಲಿತಾಂಶ ಖಚಿತವಿಲ್ಲ ಎಂದು ಕಾಕ್ರೇನ್‌ನ ಪ್ರಧಾನ ಸಂಪಾದಕರೇ ಅದೇ ವರ್ಷದ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದರು. ಮಾಸ್ಕಿನ ಪರ ಬರೆಯುವಾಗಲೂ ಇದೇ ಎಚ್ಚರ ಇರಲಿ. ಬಾಂಗ್ಲಾದೇಶದ 600 ಹಳ್ಳಿಗಳ ಅಧ್ಯಯನದಲ್ಲಿ ಸರ್ಜಿಕಲ್ ಮಾಸ್ಕ್ ಹಂಚಿದ ಕಡೆ ಲಕ್ಷಣವಿರುವ ಸೋಂಕು ಸುಮಾರು 11% ಇಳಿಯಿತು. ಆದರೆ ಪ್ರೋತ್ಸಾಹಿಸಿದ ಹಳ್ಳಿಗಳಲ್ಲೂ ಸರಿಯಾಗಿ ಹಾಕಿದವರು 42% ಮಾತ್ರ. ಹಾಕಿ ಎಂದು ಹೇಳುವುದರ ಫಲ ಬೇರೆ, ಹಾಕಿದ ಮಾಸ್ಕಿನ ಫಲ ಬೇರೆ. ಗ್ರೂಪಿನ ಜಗಳ ಮುಗಿಯದಿರುವುದು ಇವೆರಡನ್ನೂ ಬೆರೆಸುವುದರಿಂದ.

ಉತ್ತರ: ಮೇಲಿನ ಮಾತಿಗೆ ಸೇರಿಸುವುದು ಒಂದೇ: ಮಾಸ್ಕ್ ಸೋಲುವುದು ನಾರಿನಲ್ಲಲ್ಲ, ಅಂಚಿನಲ್ಲಿ. ಸರ್ಜಿಕಲ್ ಮಾಸ್ಕಿನ ಕಿವಿದಾರಕ್ಕೆ ಅಂಚಿನ ಹತ್ತಿರ ಗಂಟು ಹಾಕಿ, ಪಕ್ಕದಲ್ಲಿ ಬಾಯಿ ಬಿಡುವ ಮಡಿಕೆಯನ್ನು ಒಳಕ್ಕೆ ತುರುಕಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಯಂತ್ರ ಕೆಮ್ಮಿಸಿ ಅಳೆದಾಗ ಮಾಮೂಲಾಗಿ ಹಾಕಿದ್ದು 56%, ಗಂಟು ಹಾಕಿದ್ದು 77% ಕಣ ತಡೆಯಿತು. ಎನ್‌95ರಲ್ಲಿ ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ. ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಿದರೆ ನಡುವೆ ಚೂಪಾಗಿ ಮಡಿದು ಎರಡೂ ಬದಿ ಸಂದು ಬೀಳುತ್ತದೆ. ಎರಡೂ ಕೈಯ ಬೆರಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತಬೇಕು. ಆಮೇಲೆ ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ ಮೇಲೆ ಸೋರುತ್ತಿದೆ. ಗಡ್ಡವಿದ್ದರೆ ಎನ್‌95 ಪೂರ್ತಿ ಕೂರುವುದಿಲ್ಲ. ಉಸಿರು ಬಿಡುವ ಕವಾಟ ಇರುವುದು ಬೇಡ, ಹೊರಹೋಗುವ ಉಸಿರನ್ನು ಅದು ಸೋಸುವುದಿಲ್ಲ. ಗ್ರೂಪಿಗೆ ಈ ಗಂಟಿನ ವಿಡಿಯೋ ಹಾಕಿದರೆ ಅಂಕಿಅಂಶಕ್ಕಿಂತ ಹೆಚ್ಚು ಉಪಯೋಗ.

ಪ್ರಶ್ನೆ ಕೇಳಿದವರು: ಧನ್ಯವಾದ. ಇನ್ನೊಂದು ಉಳಿಯಿತು. ‘2020ರಲ್ಲಿ ಬೇಡ ಅಂದವರೇ ಆಮೇಲೆ ಹಾಕಿ ಅಂದರು, ಹೇಗೆ ನಂಬುವುದು?’ ಅನ್ನುತ್ತಾರೆ.

ಉತ್ತರ: ಅದು ನಡೆದದ್ದೇ, ಮುಚ್ಚಿಡಬೇಡಿ. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಗಳಿಗೇ ಮಾಸ್ಕ್ ಸಾಲದ ಭಯವಿತ್ತು, ಲಕ್ಷಣವಿಲ್ಲದವರಿಂದಲೂ ಸೋಂಕು ಹರಡುವುದು ಎಷ್ಟೆಂದು ಗೊತ್ತಾಗಿರಲಿಲ್ಲ. ಅದು ತಿಳಿಯುತ್ತ ಬಂದಂತೆ ಸಿಡಿಸಿ ಏಪ್ರಿಲ್ 3ರಂದು, ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ರಂದು ಸಲಹೆ ಬದಲಿಸಿದವು. ಈ ತಾರೀಕುಗಳನ್ನೇ ಬರೆದು, ‘ನಿಮ್ಮ ಸಿಟ್ಟಿಗೆ ಕಾರಣ ಇದೆ ಚಿಕ್ಕಪ್ಪ’ ಅಂತ ಮೊದಲ ಸಾಲಿನಲ್ಲೇ ಹೇಳಿ.