ಅಪ್‌ಡೇಟ್: ಅಡಮಾನವಾಗಿರುವುದು ಮನೆಯಲ್ಲ, ಬೇಕರಿಯ ಸೊತ್ತು

ಅಮೆರಿಕದ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಿಂದ (ಸಣ್ಣ ಉದ್ಯಮಗಳಿಗೆ ನೆರವಾಗುವ ಸರ್ಕಾರಿ ಸಂಸ್ಥೆ) 2020ರಲ್ಲಿ ನಮ್ಮ ಬೇಕರಿಗೆ ಪಡೆದ 86,000 ಡಾಲರ್ ಕೋವಿಡ್ ವಿಪತ್ತು ಸಾಲಕ್ಕೆ ವಾಸದ ಮನೆಯೂ ಅಡಮಾನವಾಗಿದೆಯೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರ ಸಲಹೆಯಂತೆ ಸಾಲದ ಕರಾರುಪತ್ರವನ್ನು ಈಗ ಪೂರ್ತಿಯಾಗಿ ಓದಿದ್ದೇನೆ. ಸಹಿ ಹಾಕುವ ಮೊದಲೇ ಓದಬೇಕಿತ್ತು, ಅದು ನನ್ನದೇ ತಪ್ಪು.

ಮನೆ ಅದರಲ್ಲಿಲ್ಲ. ಈ ಯೋಜನೆಯಲ್ಲಿ 25,000 ಡಾಲರ್ ಮೀರಿದ ಸಾಲಕ್ಕೆ ವ್ಯಾಪಾರದ ಸೊತ್ತನ್ನು ಭದ್ರತೆಯಾಗಿ ಪಡೆಯುತ್ತಿದ್ದರು. ಮಾಲೀಕರ ವೈಯಕ್ತಿಕ ಜಾಮೀನು ಕೇಳುತ್ತಿದ್ದುದು 2,00,000 ಡಾಲರ್ ದಾಟಿದಾಗ ಮಾತ್ರ. ಖಾತೆಗೆ 100 ಡಾಲರ್ ಕಡಿಮೆ ಜಮೆಯಾದದ್ದೇಕೆಂಬ ಒಗಟೂ ಬಗೆಹರಿಯಿತು: ಅದು ಸೊತ್ತಿನ ಮೇಲಿನ ಹಕ್ಕನ್ನು ನೋಂದಾಯಿಸುವ ಶುಲ್ಕವಂತೆ.

ಆದರೆ ನಾನು ಊಹಿಸದಿದ್ದ ತೊಡಕು ಬೇರೆಯಿತ್ತು. ಓವನ್, ಹಿಟ್ಟು ನಾದುವ ಯಂತ್ರ, ಗಿರಾಕಿಗಳಿಂದ ಬರಬೇಕಾದ ಬಾಕಿ, ಮುಂದೆ ಕೊಳ್ಳುವ ಸಲಕರಣೆ ಎಲ್ಲವೂ ಆ ಭದ್ರತೆಯೊಳಗೆ ಬರುವುದರಿಂದ, ದಿನನಿತ್ಯದ ಸರಕನ್ನು ಮಾರಲು ಅಡ್ಡಿಯಿಲ್ಲದಿದ್ದರೂ ಹಳೆಯ ಓವನ್ ಮಾರಲು ಮುಂಚಿತವಾಗಿ ಸಾಲ ಕೊಟ್ಟ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯಲೇಬೇಕು. ಕೊಳ್ಳಲು ಬಂದವರಿಗೆ ಸದ್ಯ ಕಾಯಲು ಹೇಳಿ, ಒಪ್ಪಿಗೆ ಕೋರಿ ಪತ್ರ ಕಳುಹಿಸಿದ್ದೇನೆ.