ಅಪ್ಪಯ್ಯ ಹಾಕಿದ ವರದಿ

ನಮ್ಮ 'ಮೂಲೆಮನೆ ಬಳಗ' ಗುಂಪಿನಲ್ಲಿ 43 ಜನರಿದ್ದೇವೆ. ಶಿರಸಿಯ ಅಡಿಕೆ ಧಾರಣೆ, ಉಪನಯನದ ಕರೆಯೋಲೆ, ಯಾರದೋ ಮನೆಯ ದನ ಕರು ಹಾಕಿದ ಸುದ್ದಿ, ಇಷ್ಟರಲ್ಲೇ ದಿನ ಸಾಗುತ್ತದೆ. ಜನವರಿಯ ಒಂದು ಬುಧವಾರ ಮಾತ್ರ ಹಾಗೆ ಸಾಗಲಿಲ್ಲ. ಅಡ್ಮಿನ್ ನಾನೇ. ಮೇಧಾಳನ್ನು ಕೇಳಿಕೊಂಡೇ ಆ ದಿನದ ಮಾತುಗಳನ್ನು ಇಲ್ಲಿ ಇಳಿಸಿದ್ದೇನೆ. ಮನೆಮಾತನ್ನು ಬರಹದ ಕನ್ನಡಕ್ಕೆ ತಂದಿದ್ದೇನೆ, ಶುಭೋದಯದ ಗುಲಾಬಿಗಳನ್ನು ಕಿತ್ತು ಹಾಕಿದ್ದೇನೆ. 'ಅಪ್ಪಯ್ಯ' ಎಂದರೆ ನನ್ನ ತಂದೆ, ಮೇಧಾಳಿಗೆ ದೊಡ್ಡಪ್ಪ; 'ಆಯಿ' ಎಂದರೆ ಅವಳ ತಾಯಿ. ಹಾಗಾಗಿ ನಾನು ತಟಸ್ಥ ಎಂದು ಯಾರೂ ನಂಬಬೇಕಾಗಿಲ್ಲ.

ಅಪ್ಪಯ್ಯ, 6.52: (ಎಂಆರ್‌ಐ ವರದಿಯ ಎರಡು ಪುಟಗಳ ಚಿತ್ರ) ನಮ್ಮ ಮೇಧಾಳ ತಲೆಯ ಸ್ಕ್ಯಾನ್. ಮೆದುಳಿನಲ್ಲಿ ಚುಕ್ಕೆ ಬಂದಿದೆಯಂತೆ. ಗುರುತಿನ ಡಾಕ್ಟರು ಇದ್ದವರು ತೋರಿಸಿ ಕೇಳಿ.

ಕುಮಟಾ ಅತ್ತೆ, 6.58: ಅಯ್ಯೋ ದೇವರೇ. ಚುಕ್ಕೆ ಎಂದರೆ ಗಡ್ಡೆಯೇ?

ಸಿದ್ದಾಪುರ ಭಾವ, 7.03: ಜ್ವರ ಬಂದಿತ್ತೇ? ಇದು ಮಂಗನ ಕಾಯಿಲೆಯ ಕಾಲ. ಸೊಪ್ಪಿನ ಬೆಟ್ಟಕ್ಕೆ ಹೋದಾಗ ಉಣ್ಣಿ ಏನಾದರೂ ಕಚ್ಚಿತ್ತೋ ಕೇಳಿ. ಅದು ತಲೆಗೂ ಏರುವುದುಂಟು.

ಅಪ್ಪಯ್ಯ, 7.05: ಜ್ವರ ಇಲ್ಲ. ಆಗಸ್ಟ್‌ನಿಂದ ಎಡಗೈ ಜೋಮು. ಒಂದು ಕಣ್ಣು ಆಗಾಗ ಮಸುಕು.

ಯಲ್ಲಾಪುರ ಚಿಕ್ಕಿ, 7.09: (ವಿಡಿಯೋ: 'ನರ ದೌರ್ಬಲ್ಯ ಏಳೇ ದಿನದಲ್ಲಿ ಮಾಯ') ಇದನ್ನು ಮಾಡಿ ನೋಡಲಿ. ನಷ್ಟವಂತೂ ಇಲ್ಲ. ಜೊತೆಗೆ ನಾನು ತೆಗೆದುಕೊಳ್ಳುವ ನರದ ಮಾತ್ರೆ ಇದೆ, ಕಳಿಸುತ್ತೇನೆ.

ವಿನಯ, 7.14: ವರದಿಯಲ್ಲಿ ಟಿ2 ಚುಕ್ಕೆಗಳು (ಟಿ2 ಎಂಬ ಬಗೆಯ ಸ್ಕ್ಯಾನ್ ಚಿತ್ರದಲ್ಲಿ ಬೆಳ್ಳಗೆ ಕಾಣುವಂಥವು) ಎಂದಿದೆ. ಕಣ್ಣು, ಕೈ, ವಯಸ್ಸು 29, ಹೆಣ್ಣು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು.

ಕುಮಟಾ ಅತ್ತೆ, 7.17: ಮೊಬೈಲಿನಲ್ಲಿ ಹುಡುಕಿದೆ. ಗಾಲಿಕುರ್ಚಿಯ ಚಿತ್ರ ಬರುತ್ತಿದೆ.

(ವಿನಯ ಕಾರವಾರದಲ್ಲಿ ಎಂಬಿಬಿಎಸ್ ಎರಡನೇ ವರ್ಷ. ಅವನು ಹೇಳಿದ ಮಲ್ಟಿಪಲ್ ಸ್ಕ್ಲೆರೋಸಿಸ್, ಚುಟುಕಾಗಿ ಎಂಎಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಇದಾದ ಮೇಲೆ ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ.)

ಮೇಧಾ, 7.38: ನಾನೂ ಈ ಗುಂಪಿನಲ್ಲಿದ್ದೇನೆ.

ಅಪ್ಪಯ್ಯ, 7.40: ಕೂಸೇ, ನಿನ್ನ ಒಳ್ಳೆಯದಕ್ಕೇ ಹಾಕಿದ್ದು.

ಮೇಧಾ, 7.44: ಒಳ್ಳೆಯ ಮನಸ್ಸು ನಿಮ್ಮದು, ಅದರಲ್ಲಿ ಅನುಮಾನವಿಲ್ಲ ದೊಡ್ಡಪ್ಪ. ಆದರೆ ಆಯಿ ವರದಿ ಕೊಟ್ಟದ್ದು ಹುಬ್ಬಳ್ಳಿಯಲ್ಲಿ ನಿಮ್ಮ ಪರಿಚಯದ ಒಬ್ಬ ಡಾಕ್ಟರಿಗೆ ತೋರಿಸಲು. 43 ಜನರಿಗಲ್ಲ. ನನ್ನ ಜಾತಕ ಕೇಳಿದ ಮನೆಯವರೂ ಇಲ್ಲೇ ಇದ್ದಾರೆ. ಅವರೂ ನೋಡಿಯಾಗಿದೆ.

ಅಪ್ಪಯ್ಯ, 7.47: ಮುಚ್ಚಿಡುವಂಥದ್ದು ಏನಿದೆ? ನಮ್ಮ ಕಾಲದಲ್ಲಿ ಒಬ್ಬರಿಗೆ ಹುಷಾರಿಲ್ಲ ಎಂದರೆ ಇಡೀ ಕೇರಿಯೇ ಅಂಗಳಕ್ಕೆ ಬರುತ್ತಿತ್ತು.

ಮೇಧಾ, 7.48: ಬಂದವರು ಗಂಜಿ ತರುತ್ತಿದ್ದರು. ರೋಗದ ಹೆಸರು ತರುತ್ತಿರಲಿಲ್ಲ.

ಕುಮಟಾ ಅತ್ತೆ, 7.50: ಕೋಪ ಬೇಡ. ಹಾಗಾದರೆ ಡಾಕ್ಟರು ಏನು ಹೇಳಿದರು, ಅದನ್ನಾದರೂ ಹೇಳು.

ಮೇಧಾ, 7.50: ಗೊತ್ತಿಲ್ಲ ಎಂದರು.

ಕುಮಟಾ ಅತ್ತೆ, 7.51: ಗೊತ್ತಿಲ್ಲ ಎನ್ನುವವರ ಹತ್ತಿರ ಯಾಕೆ ಹೋಗಬೇಕು? ಡಾಕ್ಟರನ್ನು ಬದಲಾಯಿಸು.

ಮೇಧಾ, 8.06: ಬದಲಾಯಿಸಿ ಬದಲಾಯಿಸಿಯೇ ಇವರ ಹತ್ತಿರ ಬಂದದ್ದು ಅತ್ತೆ. ಮೊದಲಿನ ಮೂವರಿಗೂ ಎಲ್ಲ ಗೊತ್ತಿತ್ತು. ಒಬ್ಬರು ವಾಯು ಎಂದರು. ಒಬ್ಬರು ಕತ್ತಿನ ಎಲುಬು ಸವೆದಿದೆ ಎಂದು ಪಟ್ಟಿ ಕಟ್ಟಿಸಿದರು. ಮತ್ತೊಬ್ಬರು ಮದುವೆಯಾದರೆ ಸರಿಹೋಗುತ್ತದೆ ಎಂದು ನಕ್ಕರು. ಈ ನಾಲ್ಕನೆಯವರು ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ ಯಾವ ಕಡೆ ಹೋಯಿತು ಎಂದು ಕೇಳಿದರು. ಕಂಪಿಸುವ ಕವಲುಕಡ್ಡಿಯನ್ನು ಕಾಲಿನ ಗಂಟಿಗೆ ಇಟ್ಟರು. ಒಂದೊಂದು ಕಣ್ಣಿನೊಳಗೂ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಮುಕ್ಕಾಲು ಗಂಟೆಯ ಮೇಲೆ, 'ಸದ್ಯಕ್ಕೆ ಹೆಸರಿಡುವುದಿಲ್ಲ, ಇಟ್ಟರೆ ತಪ್ಪಾದೀತು' ಎಂದರು. ಆರು ತಿಂಗಳಲ್ಲಿ ನನಗೆ ಸಮಾಧಾನವಾದದ್ದು ಆ ಒಂದು ಮಾತಿನಿಂದ.

ಅಪ್ಪಯ್ಯ, 8.08: ನಮಗೆ ನೀನು ಏನೂ ಹೇಳುವುದೇ ಇಲ್ಲವಲ್ಲ. ಸೊಸೈಟಿಗೆ ಹೋಗುತ್ತೀಯ, ಬರುತ್ತೀಯ. ನೋಡಿದರೆ ಚೆನ್ನಾಗಿಯೇ ಇದ್ದೀಯ.

ಮೇಧಾ, 8.21: ಹೊರಗೆ ಏನೂ ಕಾಣುವುದಿಲ್ಲ, ಅದೇ ತೊಂದರೆ. ಹೇಳುತ್ತೇನೆ. ಕಳೆದ ತಿಂಗಳು ಜಗಲಿಯಲ್ಲಿ ಎಲ್ಲರೂ ಅಡಿಕೆ ಸುಲಿಯುತ್ತಿದ್ದೆವು, ನೀವೂ ಇದ್ದಿರಿ. ಮೆಟ್ಟುಗತ್ತಿಯ ಮುಂದೆ ಕೂತಿದ್ದೆ. ಬುಟ್ಟಿಯಲ್ಲಿ ಒಂದು ಅಡಿಕೆ ಕೆಂಪಾಗಿ ಕಂಡಿತು, ಆಮೇಲೆ ಇನ್ನೊಂದು. ಹಣ್ಣಡಿಕೆ ಬೆರೆತಿರಬೇಕು ಎಂದುಕೊಂಡೆ. ಎಡಗೈಯ ತೋರುಬೆರಳು ಕೊಯ್ದಿದೆ ಎಂದು ಕಣ್ಣಿಗೆ ಗೊತ್ತಾಯಿತೇ ಹೊರತು ಬೆರಳಿಗೆ ಗೊತ್ತಾಗಲಿಲ್ಲ. ಬಚ್ಚಲಿನಲ್ಲಿ ಹಂಡೆಯ ಬಿಸಿನೀರು ನಾಲ್ಕು ಚೊಂಬು ಹೊಯ್ದುಕೊಂಡರೆ ಬಲಗಣ್ಣಿಗೆ ಹೊಗೆ ತುಂಬಿದಂತಾಗುತ್ತದೆ. ಮೈ ತಣಿದ ಮೇಲೆ ಮತ್ತೆ ಸರಿ. ರಂಗೋಲಿ ಹಾಕಲು ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟು ಇಳಿಯುತ್ತದೆ. ಅದಕ್ಕೇ ಈಗ ರಂಗೋಲಿ ಆಯಿ ಹಾಕುತ್ತಾಳೆ. ನೀವು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕುಮಟಾ ಅತ್ತೆ, 8.25: ಇಷ್ಟೆಲ್ಲ ಇದ್ದೂ ಸುಮ್ಮನಿದ್ದೆಯಲ್ಲ. ಆದರೂ ಇದರಲ್ಲಿ ಅರ್ಧ ಮನಸ್ಸಿನದ್ದೇ ಇರಬೇಕು. ನೀನು ಚಿಕ್ಕಂದಿನಿಂದಲೂ ಹೆಚ್ಚು ಯೋಚಿಸುವವಳು.

ವಿನಯ, 8.37: ಅತ್ತೆ, ಅದನ್ನೂ ಡಾಕ್ಟರು ನೋಡಿರುತ್ತಾರೆ. ನರದ ತಂತಿ ಸರಿಯಾಗಿದ್ದೂ ಕೆಲಸ ತಪ್ಪುವ ಕಾಯಿಲೆ ಇದೆ, ಫಂಕ್ಷನಲ್ ಎನ್ನುತ್ತಾರೆ. ಅದು ನಾಟಕವಲ್ಲ. ಅದನ್ನು ಗುರುತಿಸಲು ಕಾಲು ಎತ್ತಿಸಿ ನೋಡುವ ಪರೀಕ್ಷೆ 1908ರಷ್ಟು ಹಿಂದಿನಿಂದಲೂ ಇದೆ. ಬೇರೇನೂ ಸಿಗಲಿಲ್ಲ ಎಂದು ಮನಸ್ಸಿನ ತಲೆಗೆ ಕಟ್ಟುವುದಲ್ಲ. ಮತ್ತೆ, ಮೇಧಕ್ಕ, ಬೆಳಿಗ್ಗೆ ನಾನು ಬರೆದದ್ದು ತಪ್ಪು. ಪರೀಕ್ಷೆಯಲ್ಲಿ ಉತ್ತರ ಬರೆದಂತೆ ಬರೆದುಬಿಟ್ಟೆ.

ಮೇಧಾ, 8.39: ಡಾಕ್ಟರ ಪಟ್ಟಿಯಲ್ಲಿ ಅದೂ ಇದೆ ವಿನಯ. ನೀನು ಮೊದಲು ಬರೆದ ಆ ಎಂಎಸ್ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ನಿನ್ನಿಂದಲ್ಲ. ಆದರೆ ಆಯಿ ಮೊದಲ ಸಲ ಕೇಳಿದ್ದು ನಿನ್ನಿಂದ.

ವಿನಯ, 8.52: ಕ್ಷಮಿಸು. ಉಳಿದವರಿಗೆ ಹೇಳುತ್ತೇನೆ: ವರದಿಯ ಕೊನೆಯಲ್ಲಿ ಚುಕ್ಕೆಗಳು 'ನಿರ್ದಿಷ್ಟವಲ್ಲ' ಎಂದಿದೆ. ಮೈಗ್ರೇನ್ ಇರುವವರಲ್ಲೂ ಅಂಥವು ಕಾಣುತ್ತವೆ. ಎಂಎಸ್ ಎನ್ನಲು ಮೆಕ್‌ಡೊನಾಲ್ಡ್ ಮಾನದಂಡ ಎಂದು ಒಂದಿದೆ, 2001ರದ್ದು, 2017ರಲ್ಲಿ ತಿದ್ದಿದರು, ಆಮೇಲೂ ತಿದ್ದಿದ್ದಾರೆ. ಅದರ ಹಳೆಯ ತಿರುಳು ಎಂದರೆ ತೊಂದರೆ ನರಮಂಡಲದ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಆದದ್ದಕ್ಕೆ ಸಾಕ್ಷಿ ಬೇಕು. ಕೆಲವೊಮ್ಮೆ ಬೆನ್ನುಹುರಿಯ ನೀರಿನ ಪರೀಕ್ಷೆ ಕಾಲದ ಸಾಕ್ಷಿಯ ಜಾಗದಲ್ಲಿ ನಿಲ್ಲುತ್ತದೆ. ಇಲ್ಲವಾದರೆ ತಿಂಗಳುಗಟ್ಟಲೆ ಕಾದು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಕಾಯುವುದೂ ಪರೀಕ್ಷೆಯ ಒಂದು ಭಾಗವೇ. ಭಾವ, ಮಂಗನ ಕಾಯಿಲೆ ಜ್ವರದಿಂದಲೇ ಶುರುವಾಗುತ್ತದೆ, ಇದು ಅದಲ್ಲ.

ಸಿದ್ದಾಪುರ ಭಾವ, 8.54: ಆಯಿತು, ಮಂಗನನ್ನು ಬಿಟ್ಟೆ.

ಯಲ್ಲಾಪುರ ಚಿಕ್ಕಿ, 8.57: ನನ್ನ ಮಾತ್ರೆಗೆ ಏನು ತೊಂದರೆ? ಬರೀ ಜೀವಸತ್ವ.

ಮೇಧಾ, 9.05: ಅದನ್ನು ನಾನೂ ಮೂರು ತಿಂಗಳು ನುಂಗಿದ್ದೆ ಚಿಕ್ಕಿ, ಅಂಗಡಿಯವರು ಕೊಟ್ಟದ್ದು. ಅಂಥ ಮಾತ್ರೆಗಳಲ್ಲಿ ಬಿ6 ಇರುತ್ತದೆ. ಅದು ಹೆಚ್ಚಾಗಿ ಬಹಳ ದಿನ ಹೋದರೆ ಅದರಿಂದಲೇ ಕೈಕಾಲು ಜೋಮು ಬರುತ್ತದೆಯಂತೆ. ಮೊದಲು ನಿಲ್ಲಿಸಿದ್ದು ಅದನ್ನೇ. ನನ್ನ ಬಿ12 212 ಇದೆ, ಕೊರತೆಯ ಅಂಚು. ಬಿ12 ಕಡಿಮೆಯಾದರೂ ಕತ್ತಿನ ಆ ಕರೆಂಟು ಬರಬಹುದು. ಅದಕ್ಕೆ ಇಂಜೆಕ್ಷನ್ ನಡೆಯುತ್ತಿದೆ. ಆ ವಿಡಿಯೋದ ಪುಡಿಯಲ್ಲಿ ಏನಿದೆ ಎಂದು ಆ ಮನುಷ್ಯ ಕೊನೆಯವರೆಗೂ ಹೇಳುವುದಿಲ್ಲ, ಎರಡು ಸಲ ನೋಡಿದೆ.

ಅಪ್ಪಯ್ಯ, 9.10: ಇದಕ್ಕೆಲ್ಲ ಮೂಲ ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲದಿರುವುದು. 2022ರಲ್ಲಿ ಶಿರೂರು ಟೋಲ್‌ನಲ್ಲಿ ಆಂಬುಲೆನ್ಸ್ ಅಪಘಾತವಾದಾಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಎಲ್ಲರೂ ಕೂಗಿದೆವು. ಕಾರವಾರದವರು ಗೋವಾಕ್ಕೆ, ಕುಮಟಾ ಹೊನ್ನಾವರದವರು ಮಣಿಪಾಲಕ್ಕೆ, ನಾವು ಹುಬ್ಬಳ್ಳಿಗೆ. ಒಬ್ಬ ಶಾಸಕನೂ...

ನಾನು, 9.11: ಅಪ್ಪಯ್ಯ, ನಿಮ್ಮ ಮಾತು ನಿಜ. ಆದರೆ ಈಗ ವಿಷಯ ವರದಿ. ಅದನ್ನು ಅಳಿಸಿ.

ಅಪ್ಪಯ್ಯ, 9.13: ನೀನೂ ಅವಳ ಕಡೆಯೇ.

(ಇಲ್ಲಿ ಹತ್ತು ಹದಿನೈದು ಸಂದೇಶಗಳನ್ನು ಬಿಟ್ಟಿದ್ದೇನೆ. ಹಿರಿಯರಿಗೆ ಮರ್ಯಾದೆ ಕೊಡುವುದರ ಬಗ್ಗೆ ಎರಡು ಕಡೆಯಿಂದಲೂ ಮರ್ಯಾದೆ ಇಲ್ಲದ ಮಾತುಗಳು.)

ಮೇಧಾಳ ಆಯಿ, 9.40: ತಪ್ಪು ನನ್ನದು, ಭಾವನವರನ್ನು ಬೈಯಬೇಡಿ. ನಾನೇ ಫೋಟೋ ಕಳಿಸಿದ್ದು. ಯಾರಾದರೂ ಏನಾದರೂ ಒಂದು ಹೆಸರು ಹೇಳಿದರೆ ಸಾಕು ಎನಿಸಿತ್ತು. ಹೆಸರು ಇದ್ದರೆ ಹರಕೆ ಹೊತ್ತುಕೊಳ್ಳಲಾದರೂ ಆಗುತ್ತದೆ. ಮಾರಿಕಾಂಬೆಯ ಮುಂದೆ ನಿಂತು ಏನೆಂದು ಕೇಳಲಿ? ರಾತ್ರಿ ಎದ್ದು ಅವಳ ಕೋಣೆಗೆ ಹೋಗಿ ನೋಡಿ ಬರುತ್ತೇನೆ. ಅವಳಿಗೆ ಗೊತ್ತಿಲ್ಲ.

ಮೇಧಾ, 9.41: ಗೊತ್ತು ಆಯಿ. ಬಾಗಿಲು ಕಿರುಗುಟ್ಟುತ್ತದೆ.

(ಇದಾದ ಮೇಲೆ ಕುಮಟಾ ಅತ್ತೆ ಏನನ್ನೋ ಬರೆಯುತ್ತಿದ್ದಾರೆ ಎಂದು ಬಹಳ ಹೊತ್ತು ತೋರಿಸುತ್ತಿತ್ತು. ಕೊನೆಗೆ ಬಂದದ್ದು ಇಷ್ಟು.)

ಕುಮಟಾ ಅತ್ತೆ, 9.52: ನಾವು ಏನು ಮಾಡಬೇಕು ಹೇಳು.

ಮೇಧಾ, 10.10: ದಿನಾ ಫೋನ್ ಮಾಡಿ 'ಹೇಗಿದೆ' ಎಂದು ಕೇಳಬೇಡಿ. ಕೇಳಿದಾಗಲೆಲ್ಲ ಬೆರಳನ್ನು ಮುಟ್ಟಿ ನೋಡಿಕೊಳ್ಳುತ್ತೇನೆ, ಸಂಜೆಯ ಹೊತ್ತಿಗೆ ಯಾವುದು ಜೋಮು, ಯಾವುದು ಭಯ ಎಂದು ನನಗೇ ತಿಳಿಯುವುದಿಲ್ಲ. ಡಾಕ್ಟರು ಬರೆದಿಡಲು ಹೇಳಿದ್ದಾರೆ: ಯಾವ ದಿನ, ಎಲ್ಲಿ, ಎಷ್ಟು ಹೊತ್ತು. ಒಂದು ದಿನವಿಡೀ ಉಳಿದರೆ ಅದಕ್ಕೆ ಬೇರೆ ಲೆಕ್ಕ. ಸೊಸೈಟಿಯ ಹಳೆಯ ಡೈರಿಯಲ್ಲಿ ಬರೆಯುತ್ತೇನೆ, ಬರೆದು ಮುಚ್ಚಿದರೆ ಆ ದಿನದ ಮಟ್ಟಿಗೆ ಮುಗಿಯಿತು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿ ಒಮ್ಮೆಲೇ ಬಿದ್ದುಹೋದರೆ, ಮೂತ್ರ ಹಿಡಿಯಲು ಆಗದಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ಅದನ್ನು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ, ಆಯಿಗೆ ಬಾಯಿಪಾಠ. ಇನ್ನು 19ಕ್ಕೆ ಹುಬ್ಬಳ್ಳಿಯಲ್ಲಿ ಕಣ್ಣಿನ ನರದ ಪರೀಕ್ಷೆ. ಪರದೆಯ ಮೇಲೆ ಚೌಕುಳಿ ಕುಣಿಸಿ ಸಂಕೇತ ಮೆದುಳಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಅಳೆಯುತ್ತಾರೆ. ಹೋಗಿ ಬರಲು 200 ಕಿಲೋಮೀಟರ್ ಆಗುತ್ತದೆ, ಬಸ್ಸಿನ ಸೆಕೆಯಲ್ಲಿ ಕಣ್ಣು ಮಸುಕಾಗುತ್ತದೆ. ಕಾರು ಇದ್ದವರು ಯಾರಾದರೂ ಬಂದರೆ ಉಪಕಾರ.

ಸಿದ್ದಾಪುರ ಭಾವ, 10.12: ನಾನು ಬರುತ್ತೇನೆ. ಬೆಳಿಗ್ಗೆ ಐದಕ್ಕೆ ಬಾಗಿಲಲ್ಲಿ ಇರುತ್ತೇನೆ. ದಾರಿಯಲ್ಲಿ ರೋಗದ ಮಾತು ಎತ್ತುವುದಿಲ್ಲ, ಅಡಿಕೆ ಧಾರಣೆ ಮಾತ್ರ.

ಮೇಧಾ, 10.13: ಅದು ಇನ್ನೂ ತಲೆನೋವು ಭಾವ. ಆದರೂ ಬನ್ನಿ.

ಅಪ್ಪಯ್ಯ, 10.30: ಆಯಿತು. ವರದಿ ಅಳಿಸಿದ್ದೇನೆ.

ಕುಮಟಾ ಅತ್ತೆ, 10.32: ನನಗೆ ಇನ್ನೂ ಕಾಣುತ್ತಿದೆ.

ಸಿದ್ದಾಪುರ ಭಾವ, 10.32: ನನಗೂ.

ಅಪ್ಪಯ್ಯ, 10.33: ನನ್ನಲ್ಲಿ ಇಲ್ಲವಲ್ಲ.

ವಿನಯ, 10.34: ದೊಡ್ಡಪ್ಪ, 'ನನಗೆ ಮಾತ್ರ ಅಳಿಸು' ಎಂಬುದನ್ನು ಒತ್ತಿದ್ದೀರಿ.

(ಅಡ್ಮಿನ್ ಆದ್ದರಿಂದ ಉಳಿದವರ ಪಾಲಿನದ್ದನ್ನು ನಾನು ಅಳಿಸಿದೆ. ಆ ವಿಡಿಯೋವನ್ನೂ ಅಳಿಸಿದೆ. ಚಿಕ್ಕಿ ನನ್ನ ಜೊತೆ ಮಾತು ಬಿಟ್ಟು ಇಂದಿಗೆ ಒಂಬತ್ತು ದಿನ.)

ಅಪ್ಪಯ್ಯ, 10.41: ಹಾಗಾದರೆ ಹುಬ್ಬಳ್ಳಿಯ ಆ ಡಾಕ್ಟರಿಗೆ ಈಗ ಏನನ್ನು ಕಳಿಸಲಿ? ಅವರು ಕೇಳುತ್ತಿದ್ದಾರೆ.

ಮೇಧಾ, 10.42: ಏನನ್ನೂ ಕಳಿಸಬೇಡಿ ದೊಡ್ಡಪ್ಪ. ಸಂಜೆ ಸುಲಿಯಲು ಬನ್ನಿ, ಒಂದು ಮೆಟ್ಟುಗತ್ತಿ ಖಾಲಿ ಇದೆ.