ಟೆಕ್ನೋ ಡಿಜೆ ಆಗಬೇಕು, ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಲಿ?

ನಾನು ಹಾಸನದವನು. ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದಿಂದ ರೂಮಿನಲ್ಲೇ ಕಂಟ್ರೋಲರ್ (ಹಾಡು ಬೆರೆಸುವ ಯಂತ್ರ) ಇಟ್ಟುಕೊಂಡು ಟೆಕ್ನೋ (ಕುಣಿಯುವ ಎಲೆಕ್ಟ್ರಾನಿಕ್ ಸಂಗೀತ) ಮಿಕ್ಸ್ ಮಾಡುತ್ತಿದ್ದೇನೆ. ಮೊದಲ ಗಿಗ್, ಅಂದರೆ ಜನರ ಮುಂದೆ ನುಡಿಸುವ ಅವಕಾಶ, ಹೇಗೆ ಸಿಗುತ್ತೆ? ರೇವ್ (ರಾತ್ರಿಯಿಡೀ ಕುಣಿಯುವ ಪಾರ್ಟಿ) ಅಂದರೆ ಸಾಕು, ಮನೆಯಲ್ಲಿ ಅಮ್ಮ ಹೆದರುತ್ತಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಹತ್ತು ವರ್ಷದಿಂದ ನುಡಿಸುತ್ತಿರುವವರು:
ಮೊದಲು ಕುಣಿಯೋಕೆ ಹೋಗಿ. ಇಂದಿರಾನಗರದ ಹಮ್ಮಿಂಗ್ ಟ್ರೀ ಅನ್ನೋ ಮ್ಯೂಸಿಕ್ ಪಬ್ 2019ರಲ್ಲಿ ಮುಚ್ಚುವ ತನಕ ನಾನು ಅಲ್ಲಿ ಸ್ಪೀಕರ್ ಮುಂದೆ ನಿಂತೇ ಜಾಸ್ತಿ ಕಲಿತೆ. ನಾಲ್ಕು ಸಲ ಮುಖ ಕಂಡರೆ ಪಾರ್ಟಿ ಮಾಡುವವರೇ ಮಾತಾಡಿಸುತ್ತಾರೆ. ಆಮೇಲೆ ನಿಮ್ಮ ಮಿಕ್ಸ್ ಕಳಿಸಿ.

ಮೊದಲು ಸಿಗೋದು ಓಪನಿಂಗ್ ಸೆಟ್. ಎಂಟು ಗಂಟೆ, ಖಾಲಿ ಫ್ಲೋರ್. ನನ್ನ ಮೊದಲ ಸೆಟ್‌ನಲ್ಲೇ 134 ಬಿಪಿಎಂಗೆ (ನಿಮಿಷಕ್ಕೆ ಅಷ್ಟು ಬೀಟ್) ಹೋಗಿಬಿಟ್ಟೆ. ಜನ ಇನ್ನೂ ಕಬಾಬ್ ತಿನ್ನುತ್ತಿದ್ದರು! ಆಮೇಲೆ ಬಂದ ಸೀನಿಯರ್ ಒಂದು ಮಾತೂ ಬೈಯಲಿಲ್ಲ. ಸುಮ್ನೆ 120ಕ್ಕೆ ಇಳಿಸಿದರು. ಅರ್ಧ ಗಂಟೆಯಲ್ಲಿ ಕುರ್ಚಿಗಳು ಖಾಲಿಯಾದವು. ಓಪನಿಂಗ್ ಅನ್ನೋದೇ ಒಂದು ವಿದ್ಯೆ. ಅದನ್ನು ಚೆನ್ನಾಗಿ ಮಾಡುವವರನ್ನು ಮತ್ತೆ ಮತ್ತೆ ಕರೆಯುತ್ತಾರೆ.

ಇನ್ನೊಂದು ವಿಷಯ, ಪೆನ್‌ಡ್ರೈವ್. ಹಳೇ ಸಿಡಿಜೆಗಳು (ಡಿಜೆಗಳು ಬಳಸುವ ಪ್ಲೇಯರ್) ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಓದಲ್ಲ. ಫ್ಯಾಟ್32ಗೇ ಫಾರ್ಮ್ಯಾಟ್ ಮಾಡಿ, ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರ್‌ನಿಂದ ಹಾಡುಗಳನ್ನು ಎಕ್ಸ್‌ಪೋರ್ಟ್ ಮಾಡಿ. ಒಂದೇ ಥರದ್ದು ಎರಡು ಜೇಬಲ್ಲಿರಲಿ. ಹಿಂದಿನವರ ಕೊನೇ ಟ್ರ್ಯಾಕ್‌ಗೆ ಒಂದು ನಿಮಿಷ ಉಳಿದಿದೆ, ಪ್ಲೇಯರ್‌ನಲ್ಲಿ ನಿಮ್ಮ ಹಾಡುಗಳೇ ಕಾಣುತ್ತಿಲ್ಲ. ಆ ಒಂದು ನಿಮಿಷ ನಾನು ಅನುಭವಿಸಿದ್ದೇನೆ, ನಿಮಗೆ ಬೇಡ.

ಪಾರ್ಟಿ ನಡೆಸಿದ ಅನುಭವ ಇರುವವರು:
ಊರಾಚೆ ತೋಟದ ಮನೆ ಗಿಗ್ ಅಂತ ಕರೆದರೆ ತಕ್ಷಣ ಹ್ಞೂಂ ಅನ್ನಬೇಡಿ. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವಂತಿಲ್ಲ, ಇದು 2000ದ ಶಬ್ದ ಮಾಲಿನ್ಯ ನಿಯಮ. ಮದ್ಯ ಕೊಡಬೇಕಾದರೆ ಅಬಕಾರಿಯವರು ಒಂದು ಸಂದರ್ಭಕ್ಕಷ್ಟೇ ಕೊಡುವ ಸಿಎಲ್-5 ಲೈಸೆನ್ಸ್ ಬೇಕು. "ಎಲ್ಲಾ ಸೆಟ್ ಆಗಿದೆ ಗುರು" ಅಂದರೆ ಕಾಗದ ತೋರಿಸಿ ಅನ್ನಿ. ನಾನು ಕೇಳಿರಲಿಲ್ಲ. ಹನ್ನೊಂದಕ್ಕೆ ಪೊಲೀಸರು ಬಂದರು. ಜನರೇಟರ್ ಆಫ್ ಆಯಿತು, ಕತ್ತಲಲ್ಲಿ ಕಪ್ಪೆ ವಟಗುಟ್ಟೋದು ಮಾತ್ರ ಕೇಳಿಸುತ್ತಿತ್ತು. ಅಷ್ಟು ಜನರ ಹೆಸರು, ನಂಬರ್ ಬರೆದುಕೊಂಡರು. ಮೆಯಿನ್ ರೋಡಿನ ತನಕ ನಡೆದೇ ಬಂದೆವು. ಡ್ರಗ್ಸ್ ಕಣ್ಣಿಗೆ ಬಿದ್ದರಂತೂ ದುಡ್ಡಿನ ಆಸೆ ಬಿಟ್ಟು ಹೊರಟುಬಿಡಿ.

ವಾರ ವಾರ ಕುಣಿಯಲು ಹೋಗುವವಳು:
ಇಯರ್‌ಪ್ಲಗ್ ತಗೊಳ್ಳಿ, ಪ್ಲೀಸ್. 100 ಡೆಸಿಬಲ್‌ನಲ್ಲಿ ಕಿವಿಗೆ ಸುರಕ್ಷಿತ ಅನ್ನೋದು ದಿನಕ್ಕೆ 15 ನಿಮಿಷ ಅಷ್ಟೇ. ನನಗೆ ಒಂದು ಸಲ ಎರಡು ದಿನ ಕಿವಿ ಗುಂಯ್ ಅಂತಿತ್ತು. ಹಾಗೇ, ಫ್ಲೋರ್‌ನಲ್ಲಿ ಯಾರಾದರೂ ಹುಡುಗಿಗೆ ತೊಂದರೆ ಕೊಡುತ್ತಿದ್ದರೆ ಬೂತ್‌ನಿಂದ ನಿಮಗೇ ಮೊದಲು ಕಾಣುತ್ತೆ. ಬೌನ್ಸರ್‌ನ ಕರೆಯಿರಿ. ಅಂಥ ಡಿಜೆಗಳ ರಾತ್ರಿಗೆ ನಾವು ಗೆಳತಿಯರನ್ನೂ ಕರಕೊಂಡು ಬರುತ್ತೇವೆ.

ಹಳೇ ರೆಕಾರ್ಡ್ ಕೂಡಿಡುವವರು:
ಅಮ್ಮನ ವಿಷಯಕ್ಕೆ ಬರುತ್ತೇನೆ. ಮುಂಬೈನಲ್ಲಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲೆಂಡ್ ಕಂಪನಿಯ 808 ಡ್ರಮ್ ಮಷೀನ್, 303 ಬೇಸ್ ಸಿಂಥ್ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದ್ದರು. ಆಗ ಅದನ್ನು ಕೇಳಿದವರೇ ಕಡಿಮೆ. ಈಗ ಹೊರದೇಶದ ಡಿಜೆಗಳೂ ಹುಡುಕಿ ಕೇಳುತ್ತಾರೆ. ಅದರಲ್ಲಿ ಭೂಪಾಲಿ ಇದೆ, ಅಂದರೆ ನಮ್ಮ ಮೋಹನ. ನಮ್ಮಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಆ ರೆಕಾರ್ಡ್ ಹಾಕಿದೆ. ಸೌಟು ಕೆಳಗಿಟ್ಟು, "ಇದು ಮೋಹನ ಅಲ್ವಾ? ಸ್ವಲ್ಪ ಜೋರಾಗಿಡು" ಅಂದರು.